ಗೋವೆಯಿಂದ ಕರಾವಳಿಗೆ ಬಂದ ಮನೆತನಗಳ ಚರಿತ್ರೆ ಬರೆಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಕಾಸರಗೋಡಿನವರೆಗೆ ಕೊಂಕಣಿ ಆಡುವ ಸಾವಿರಾರು ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ನಮ್ಮ ಹಿರಿಯರು ಗೋವೆಯಿಂದ ಬಂದವರು." ದೇವರಕೋಣೆಯಲ್ಲಿ ಶಾಂತಾದುರ್ಗೆ ಇರಲಿ, ಆಲ್ತಾರಿನ ಮೇಲೆ ಮೇರಿ ಮಾತೆ ಇರಲಿ, ಮಾತು ಅದೇ. ಯಾವ ಊರಿನಿಂದ, ಯಾವ ಕಾಲದಲ್ಲಿ, ಯಾಕೆ ಬಂದರು, ಏನು ಹೊತ್ತು ತಂದರು, ಏನು ಬಿಟ್ಟು ಬಂದರು ಎಂದು ಮುಂದೆ ಕೇಳಿದರೆ, ಹೆಚ್ಚಿನ ಮನೆಗಳಲ್ಲಿ ಉತ್ತರ ಒಬ್ಬಿಬ್ಬರು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಅದನ್ನು ಬರೆದಿಡಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಅಜ್ಜಿಗೆ ವಯಸ್ಸಾಗಿದೆ, ನೆನಪು ಮಾಸುತ್ತಿದೆ. ಎಲ್ಲಿಂದ ಶುರು ಮಾಡಲಿ?

ಅಜ್ಜಿಯಿಂದಲೇ. ಪತ್ರಾಗಾರ, ಚರ್ಚಿನ ಪುಸ್ತಕ, ಮಠದ ಕಡತ ಎಲ್ಲ ಮುಂದಿನ ವರ್ಷವೂ ಅಲ್ಲೇ ಇರುತ್ತವೆ. ಅಜ್ಜಿಯ ಬಗ್ಗೆ ಹಾಗೆ ಹೇಳಲಾಗದು.

ಮೊಬೈಲ್ ಸಾಕು. ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆರಿಸಿ, ಅವರ ಹತ್ತಿರವೇ ಮೆತ್ತನೆಯ ಬಟ್ಟೆಯ ಮೇಲೆ ಇಡಿ. ಆರಂಭದಲ್ಲೇ ನಿಮ್ಮ ಹೆಸರು, ಅವರ ಹೆಸರು, ಊರು, ದಿನಾಂಕ ಹೇಳಿಬಿಡಿ. ಇಪ್ಪತ್ತು ವರ್ಷ ಕಳೆದು ಕೇಳುವವರಿಗೆ ಇದು ಯಾರ ದನಿ ಎಂದು ತಿಳಿಯಬೇಕಲ್ಲ. ಒಂದು ಸಲಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ, ಹಿರಿಯರಿಗೆ ದಣಿವಾಗುತ್ತದೆ.

"ನಮ್ಮ ಚರಿತ್ರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ನನಗೇನು ಗೊತ್ತು ಮಗಾ, ನಾನು ಓದಿದವಳಲ್ಲ" ಅಂದುಬಿಡುತ್ತಾರೆ. ಚಿಕ್ಕ ಚಿಕ್ಕ ಸಂಗತಿ ಕೇಳಿ. ನಿಮ್ಮ ಅಜ್ಜಿಯ ಮನೆಯ ದೇವರಕೋಣೆಯಲ್ಲಿ ಏನೇನಿತ್ತು? ವರ್ಷಕ್ಕೊಮ್ಮೆ ಹರಕೆ ಹಣ ಎಲ್ಲಿಗೆ ಕಳಿಸುತ್ತಿದ್ದರು? ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬಕ್ಕೆ, ಹೊಸ ತೆನೆ ಯಾರ ಗದ್ದೆಯಿಂದ ಬರುತ್ತಿತ್ತು? ಮದುವೆಯ ಕರೆ ಮೊದಲು ಯಾವ ಮನೆಗೆ ಹೋಗುತ್ತಿತ್ತು? ಹಳೆಯ ಆಲ್ಬಮ್, ತಾಮ್ರದ ಕೊಡಪಾನ, ಅವರ ತಾಯಿಯ ಜಪಮಣಿ ಎದುರಿಗಿಟ್ಟರೆ ಮಾತು ತಾನಾಗಿ ಹೊರಡುತ್ತದೆ. ಕೊಂಕಣಿಯಲ್ಲೋ ತುಳುವಿನಲ್ಲೋ ಅವರು ಹೇಳುವ ಭಾಷೆಯಲ್ಲೇ ಹೇಳಲಿ. ಇಸವಿ ತಪ್ಪಿದರೆ ಅಲ್ಲೇ ತಿದ್ದಬೇಡಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ, ಒಳ್ಳೆಯ ಮಾತು ಎಷ್ಟೋ ಸಲ ಆ ಮೌನದ ನಂತರ ಬರುತ್ತದೆ.

ಕ್ರೈಸ್ತ ಮನೆಯಾದರೆ ಮದುವೆಯ ವೊವಿಯೊ ಹಾಡುಗಳನ್ನು, ಹಿಂದೂ ಮನೆಯಾದರೆ ಹಬ್ಬದ ಹಾಡುಗಳನ್ನು ಪೂರ್ತಿಯಾಗಿ ಹಾಡಿಸಿ ಹಿಡಿದಿಡಿ. ಮಾತಿನಲ್ಲಿ ಮರೆತ ಊರು, ಬಂಧುಬಳಗದ ಹೆಸರು ಹಾಡಿನಲ್ಲಿ ಉಳಿದಿರುವುದುಂಟು.

ಬಾಯಿಮಾತಿನ ಕತೆಯನ್ನು ಚರಿತ್ರೆ ಅಂತ ಬರೆಯಬಹುದೇ?

ಬರೆಯಲೇಬೇಕು. ಆದರೆ ಹೇಳಿದ್ದನ್ನು "ಹೇಳಿದ್ದು" ಅಂತಲೇ ಬರೆಯಬೇಕು. ಈ ಇಡೀ ಕೆಲಸದಲ್ಲಿ ನಾನು ಹಟ ಹಿಡಿದು ಹೇಳುವ ಒಂದೇ ವಿಷಯ ಇದು. ಮೂರು ಬಗೆಯ ಸಂಗತಿಗಳನ್ನು ಬೇರೆ ಬೇರೆಯಾಗಿ ಇಡಿ: ಯಾರು ಹೇಳಿದರು, ಅವರು ಯಾರಿಂದ ಕೇಳಿದ್ದರು ಎಂಬ ವಿವರದೊಂದಿಗೆ ಮನೆಯ ಕತೆ. ಎಲ್ಲಿ ಸಿಕ್ಕಿತು ಎಂಬ ಗುರುತಿನೊಂದಿಗೆ ದಾಖಲೆ. ಕೊನೆಗೆ, ಎರಡನ್ನೂ ನೋಡಿ ನೀವು ಮಾಡಿದ ಊಹೆ. ಮೂರನ್ನೂ ಕಲಸಿ ಒಂದೇ ಓಟದ ಕತೆ ಮಾಡಿದಿರೋ, ಮುಂದಿನ ತಲೆಮಾರಿಗೆ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ, ಕೊನೆಗೆ ಯಾವುದನ್ನೂ ನಂಬುವುದಿಲ್ಲ.

ಒಂದು ಉದಾಹರಣೆ. "ಒಂದೇ ರಾತ್ರಿ ದೇವರನ್ನು ಬುಟ್ಟಿಯಲ್ಲಿಟ್ಟು ಹೊಳೆ ದಾಟಿದರು" ಎಂಬ ಕತೆ ಎಷ್ಟೋ ಮನೆಗಳಲ್ಲಿದೆ. ದಾಖಲೆಯಲ್ಲಿ ಕಾಣುವುದು ದೀರ್ಘ ಕಾಲದ ಚದುರುವಿಕೆ. ಪೋರ್ಚುಗೀಸರು ಗೋವೆಯ ತಿಸವಾಡಿ ದ್ವೀಪವನ್ನು 1510ರಲ್ಲಿ, ಸಾಷ್ಟಿ ಮತ್ತು ಬಾರ್ದೇಸನ್ನು 1543ರಲ್ಲಿ ಹಿಡಿದರು. ಧರ್ಮ ವಿಚಾರಣೆಯ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಷನ್, 1560ರಲ್ಲಿ ಬಂತು, 1812ರವರೆಗೆ ನಡೆಯಿತು. ಸಾಷ್ಟಿಯ ದೇವಸ್ಥಾನಗಳು ದೊಡ್ಡ ಪ್ರಮಾಣದಲ್ಲಿ ನೆಲಸಮವಾದದ್ದು 1567ರ ಆಸುಪಾಸು. ಆಮೇಲೂ ಬರಗಾಲ, ರೋಗ, ತೆರಿಗೆ, ಮರಾಠರ ಮತ್ತು ಪೋರ್ಚುಗೀಸರ ಯುದ್ಧ ಎಂದು ಜನ ತೆಂಕಣಕ್ಕೆ ಬರುತ್ತಲೇ ಇದ್ದರು. ಒಬ್ಬರ ಹಿರಿಯರು ಬಂದದ್ದು 1560ರಲ್ಲಿ ಇರಬಹುದು, ಪಕ್ಕದ ಮನೆಯವರ ಹಿರಿಯರು 1740ರಲ್ಲಿ. ಒಂದೇ ರಾತ್ರಿಯ ಕತೆ ಸುಳ್ಳು ಎಂದು ಇದರ ಅರ್ಥವಲ್ಲ. ಯಾವುದೋ ಒಂದು ಮನೆಗೆ ಅಂಥ ಒಂದು ರಾತ್ರಿ ನಿಜವಾಗಿಯೂ ಬಂದಿರಬಹುದು. ಅದು ನಿಮ್ಮ ಮನೆಯೇ ಎಂದು ಹೇಳಲು ಮಾತ್ರ ಇನ್ನೊಂದು ಸಾಕ್ಷಿ ಬೇಕು.

ಪರಶುರಾಮ, ಸರಸ್ವತೀ ನದಿ, ತ್ರಿಹೋತ್ರದಿಂದ ಬಂದ ಕುಟುಂಬಗಳು ಎಂಬ ಸಹ್ಯಾದ್ರಿ ಖಂಡದ ಮೂಲಕತೆಗೂ ಇದೇ ನಿಯಮ. ನಮ್ಮವರು ತಮ್ಮನ್ನು ತಾವು ಹೇಗೆ ಕಂಡುಕೊಂಡರು ಎಂಬುದು ಅದರಲ್ಲಿದೆ. ಅದನ್ನು ಗೌರವದಿಂದ ಮೊದಲ ಅಧ್ಯಾಯದಲ್ಲಿ ಬರೆಯಿರಿ, ವಂಶವೃಕ್ಷದ ಬೇರಿಗೆ ಮಾತ್ರ ಕಟ್ಟಬೇಡಿ.

ನಮ್ಮದು ಸಾರಸ್ವತ ಮನೆ. ಗೋವೆಯ ಮೂಲ ಊರು ಪತ್ತೆ ಮಾಡುವುದು ಹೇಗೆ?

ಕುಲದೇವರನ್ನು ಹಿಡಿದು ಹೋಗಿ. ಅಡ್ಡಹೆಸರಿಗಿಂತ ಕುಲದೇವರು ಹೆಚ್ಚು ನಂಬಲರ್ಹ. ಕಾಮತ್, ಪೈ, ಶೆಣೈ, ಪ್ರಭು ಎಂಬವು ಬಹುಪಾಲು ವೃತ್ತಿ ಅಥವಾ ಪದವಿಯ ಗುರುತು. ಇನ್ನು ಬೆನೆಗಲ್, ಕಾರ್ನಾಡ್, ಕಲ್ಯಾಣಪುರ, ಗುಲ್ವಾಡಿ ಎಂಬ ಚಿತ್ರಾಪುರ ಸಾರಸ್ವತರ ಹೆಸರುಗಳು ಇಲ್ಲಿಗೆ ಬಂದ ಮೇಲೆ ನೆಲೆಸಿದ ಊರುಗಳವು, ಗೋವೆಯ ಸುಳಿವು ಕೊಡುವುದಿಲ್ಲ.

ಕುಲದೇವರಲ್ಲೂ ಒಂದು ತಿರುವಿದೆ, ಇಲ್ಲಿ ಅನೇಕರು ಎಡವುತ್ತಾರೆ. ಈಗ ಗುಡಿ ಇರುವ ಊರು ಎಷ್ಟೋ ಸಲ ನಿಮ್ಮ ಮೂಲ ಊರಲ್ಲ, ಏಕೆಂದರೆ ದೇವರೂ ವಲಸೆ ಹೋದರು. ಮಂಗೇಶ ಮೊದಲು ಇದ್ದದ್ದು ಕುಶಸ್ಥಳಿಯಲ್ಲಿ, ಈಗ ಪ್ರಿಯೋಳದಲ್ಲಿ. ಶಾಂತಾದುರ್ಗೆ ಕೇಳೋಶಿಯಿಂದ ಕವಳೆಗೆ, ಮಹಾಲಸೆ ವೆರ್ಣದಿಂದ ಮಾರ್ದೋಳಕ್ಕೆ, ರಾಮನಾಥ ಲೋಟಲಿಯಿಂದ ಬಾಂದಿವಡೆಗೆ ಬಂದರು. ಈ ಹೊಸ ನೆಲೆಗಳೆಲ್ಲ ಇರುವುದು ಈಗಿನ ಫೋಂಡಾ ತಾಲೂಕಿನಲ್ಲಿ. ಆಗ ಆ ಪ್ರದೇಶ ಪೋರ್ಚುಗೀಸರ ಕೈಯಲ್ಲಿರಲಿಲ್ಲ, ಹೊಳೆ ದಾಟಿದರೆ ಜೀವ ಉಳಿಯುತ್ತಿತ್ತು. ಹಾಗಾಗಿ ಮಹಾಲಸೆಯ ಕುಳಾವಿಗಳು, ಅಂದರೆ ಆಕೆಯನ್ನು ಕುಲದೇವರಾಗಿ ನಂಬಿದ ಮನೆಯವರು, ಮಾರ್ದೋಳದ ಗುಡಿಗೆ ಹೋಗಿ ಕೈಮುಗಿದ ಮೇಲೆ ವೆರ್ಣಕ್ಕೂ ಒಮ್ಮೆ ಹೋಗಿ ಬರಬೇಕು.

ಗುಡಿಗಳಲ್ಲಿ ಮಹಾಜನರ, ಅಂದರೆ ಗುಡಿಯ ಮೇಲೆ ವಂಶಪಾರಂಪರ್ಯ ಹಕ್ಕಿರುವ ಮನೆತನಗಳ, ಪಟ್ಟಿ ಇರುತ್ತದೆ. ದೇವಸ್ಥಾನದ ಕಚೇರಿಯಲ್ಲಿ ವಿನಯದಿಂದ ಕೇಳಿ. ನಿಮ್ಮ ಗೋತ್ರ, ಅಡ್ಡಹೆಸರು, ಊರಿನಲ್ಲಿ ಹಿಂದೆ ಬಳಸುತ್ತಿದ್ದ ಮನೆಹೆಸರು ಬರೆದುಕೊಂಡು ಹೋದರೆ ಅವರಿಗೂ ಹುಡುಕಲು ಸುಲಭ. ಆಮೇಲೆ ಮಠ: ನಿಮ್ಮವರು ಗೋಕರ್ಣ ಪರ್ತಗಾಳಿ, ಕಾಶೀ ಮಠ, ಕವಳೆ, ಶಿರಾಲಿಯ ಚಿತ್ರಾಪುರ, ಇವುಗಳಲ್ಲಿ ಯಾವುದಕ್ಕೆ ನಡೆದುಕೊಳ್ಳುತ್ತಿದ್ದರು ಎಂಬುದೂ ಒಂದು ಸುಳಿವೇ. ವಂತಿಗೆಯ ಹಳೆಯ ರಸೀದಿ ಕಪಾಟಿನಲ್ಲಿ ಸಿಕ್ಕಿದರೆ ಎಸೆಯಬೇಡಿ, ಅದರಲ್ಲಿ ಆ ವರ್ಷದ ಮನೆ ಯಜಮಾನರ ಹೆಸರು ಇರುತ್ತದೆ.

ನಾವು ಕ್ಯಾಥೊಲಿಕರು. ಊರೆಲ್ಲ ಡಿಸೋಜ, ಪಿಂಟೊ, ಡಿಸಿಲ್ವ. ಹೆಸರಿನಿಂದ ಏನಾದರೂ ಗೊತ್ತಾಗುತ್ತದೆಯೇ?

ಹೆಸರಿನಿಂದ ಬಹಳ ಕಡಿಮೆ. ದೀಕ್ಷಾಸ್ನಾನದ ಹೊತ್ತಿನಲ್ಲಿ ಪಾದ್ರಿಯ ಹೆಸರೋ ಜ್ಞಾನ ತಂದೆಯ (ಗಾಡ್‌ಫಾದರ್) ಹೆಸರೋ ಅಡ್ಡಹೆಸರಾಯಿತು. ಹಾಗಾಗಿ ಒಂದೇ ರಕ್ತದ ಅಣ್ಣತಮ್ಮಂದಿರಿಗೆ ಎರಡು ಅಡ್ಡಹೆಸರು ಬಂದಿರಬಹುದು, ಸಂಬಂಧವೇ ಇಲ್ಲದ ಇಬ್ಬರು ಡಿಸೋಜರೂ ಆಗಿರಬಹುದು. ಕೆಲವು ಮನೆಗಳಲ್ಲಿ ಹಳೆಯ ಹೆಸರು, ಪ್ರಭು, ಶೆಟ್, ಕಾಮತ್, ನಾಯ್ಕ್ ಎಂದು ಮಾತಿನಲ್ಲಿ ಈಗಲೂ ಉಳಿದಿದೆ. ಮನೆಯ ಹಿರಿಯರನ್ನು ನೇರವಾಗಿ ಕೇಳಿ. ಆ ಹೆಸರು ಯಾವ ಕಾಗದದಲ್ಲೂ ಇಲ್ಲದಿರಬಹುದು.

ಚರ್ಚಿನ ಪುಸ್ತಕಗಳೇ ದೊಡ್ಡ ಆಸರೆ. ದೀಕ್ಷಾಸ್ನಾನ, ಮದುವೆಗಳನ್ನು ಬರೆದಿಡಬೇಕೆಂದು 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆ ಕಟ್ಟಳೆ ಮಾಡಿತ್ತು. ಮಂಗಳೂರಿನ ರೊಸಾರಿಯೊ ಚರ್ಚು 1568ರದು, ಮಿಲಾಗ್ರಿಸ್ 1680ರದು. ಇಷ್ಟು ಹಳೆಯ ಚರ್ಚುಗಳಿದ್ದೂ ಹಳೆಯ ಪುಸ್ತಕ ಸಿಗುವುದು ಅಪರೂಪ, ಕಾರಣ ಮುಂದಿನ ಪ್ರಶ್ನೆಯಲ್ಲಿದೆ. 19ನೇ ಶತಮಾನದಿಂದ ಈಚೆಗೆ ನಿಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಏನೇನಿದೆ ಎಂದು ಫಾದರ್ ಹತ್ತಿರ ಮಾತಾಡಿ. ದೊಡ್ಡ ಇಗರ್ಜಿಗಳು ಒಡೆದು ಚಿಕ್ಕ ಇಗರ್ಜಿಗಳಾದದ್ದರಿಂದ ನಿಮ್ಮ ಮುತ್ತಜ್ಜನ ಹೆಸರು ಈಗಿನ ಇಗರ್ಜಿಯಲ್ಲಿ ಇಲ್ಲದೆ ತಾಯಿ ಇಗರ್ಜಿಯಲ್ಲಿ ಇರಬಹುದು.

ಹಳೆಯ ಬರಹ ಪೋರ್ಚುಗೀಸ್‌ನಲ್ಲೋ ಲ್ಯಾಟಿನ್‌ನಲ್ಲೋ ಇದ್ದರೆ ಹೆದರಬೇಡಿ. ಎಲ್ಲ ನಮೂದೂ ಒಂದೇ ಅಚ್ಚಿನಲ್ಲಿರುತ್ತದೆ: ದಿನ, ಮಗುವಿನ ಹೆಸರು, ತಂದೆ, ತಾಯಿ, ಜ್ಞಾನ ತಂದೆತಾಯಿ, ಪಾದ್ರಿಯ ಸಹಿ. ಹತ್ತು ನಮೂದು ಓದುವಷ್ಟರಲ್ಲಿ ಹನ್ನೊಂದನೆಯದು ತಾನಾಗಿ ಅರ್ಥವಾಗುತ್ತದೆ. ಜ್ಞಾನ ತಂದೆತಾಯಿಯರ ಹೆಸರನ್ನು ಬಿಡದೆ ಬರೆದುಕೊಳ್ಳಿ. ಅವರು ಹೆಚ್ಚಾಗಿ ಮಾವನೋ ಚಿಕ್ಕಮ್ಮನೋ ಆಗಿರುತ್ತಾರೆ, ತಾಯಿಯ ತವರು ಹುಡುಕಲು ಅದೇ ದಾರಿ.

ಗೋವೆಯ ಊರು ಗೊತ್ತಾದರೆ ಪಣಜಿಯ ಸರಕಾರಿ ಪತ್ರಾಗಾರಕ್ಕೆ ಹೋಗಿ. ಅಲ್ಲಿ ಹಲವು ಇಗರ್ಜಿಗಳ ಹಳೆಯ ಪುಸ್ತಕಗಳೂ ಗ್ರಾಮಸಂಸ್ಥೆಗಳ, ಅಂದರೆ ಕೊಮುನಿದಾದ್‌ಗಳ, ದಾಖಲೆಗಳೂ ಇವೆ. ಊರಿನ ಜಮೀನಿನ ಹಕ್ಕಿದ್ದ ಗಾಂವ್ಕಾರರನ್ನು ವಾಂಗಡಗಳಾಗಿ, ಅಂದರೆ ಮೂಲ ಮನೆತನಗಳಾಗಿ, ಲೆಕ್ಕಹಾಕುತ್ತಿದ್ದರು. ಪರ್ವರಿಯ ಝೇವಿಯರ್ ಇತಿಹಾಸ ಸಂಶೋಧನಾ ಕೇಂದ್ರದಲ್ಲಿ ಒಳ್ಳೆಯ ಗ್ರಂಥಾಲಯವಿದೆ.

ಶ್ರೀರಂಗಪಟ್ಟಣದ ಸೆರೆಯ ಕತೆ ನಮ್ಮ ಮನೆಯಲ್ಲೂ ಇದೆ. ಅದನ್ನು ಹೇಗೆ ಬರೆಯಲಿ?

ನಿಧಾನವಾಗಿ. ಮಂಗಳೂರು ಕ್ಯಾಥೊಲಿಕರ ಮನೆಗಳಲ್ಲಿ ಇದಕ್ಕಿಂತ ಆಳವಾದ ಗಾಯದ ನೆನಪು ಇನ್ನೊಂದಿಲ್ಲ. 1784ರ ಫೆಬ್ರವರಿ ಕೊನೆಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ, ಅಂದರೆ ಈ ಕರಾವಳಿ ಸೀಮೆಯ, ಕ್ರೈಸ್ತರನ್ನು ಒಟ್ಟುಗೂಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಮುಗಿಯುತ್ತಿದ್ದ ಸಮಯ, ಅವರು ಇಂಗ್ಲಿಷರಿಗೆ ನೆರವಾದರು ಎಂಬುದು ಆಪಾದನೆ. ಸೆರೆ ಹೋದವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಜನ ಸತ್ತರು. ಇಗರ್ಜಿಗಳನ್ನು ಕೆಡವಲಾಯಿತು. ಮೂಡುಬಿದಿರೆಯ ಹೊಸ್ಪೆಟ್ ಇಗರ್ಜಿ ಚೌಟ ಅರಸರ ಆಶ್ರಯದಿಂದ ಉಳಿಯಿತೆಂದು ಹೇಳುತ್ತಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಹಿಂದಿರುಗಿದರು, ಕೆಲವರು ಮೈಸೂರು ಸೀಮೆಯಲ್ಲೇ ನಿಂತರು. ಅದಕ್ಕೂ ಮುಂಚೆ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ 1792ರದು.

ಹದಿನೈದು ವರ್ಷಗಳ ಈ ಕಂದಕದಲ್ಲಿ ಪುಸ್ತಕ, ಪಟ್ಟೆ, ಪತ್ರ ಎಲ್ಲ ಹೋಯಿತು. ಹಾಗಾಗಿ 1799ರ ಹಿಂದಕ್ಕೆ ಹೆಸರು ಹೆಸರಾಗಿ ವಂಶವೃಕ್ಷ ಕಟ್ಟುವುದು ಹೆಚ್ಚಿನ ಮನೆಗಳಿಗೆ ಸಾಧ್ಯವಾಗದು. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡಿ. ಅದನ್ನು ಕಲ್ಪನೆಯ ಹೆಸರುಗಳಿಂದ ತುಂಬಿಸಿದರೆ ನಿಮ್ಮವರಿಗೆ ಆದ ನಷ್ಟವನ್ನೇ ಅಳಿಸಿದಂತೆ.

ಮನೆಯ ಕತೆಯಲ್ಲಿ ಬರುವ ಚಿಕ್ಕ ಸಂಗತಿಗಳಿಗೆ ಬೆಲೆ ಕೊಡಿ. ಮಗುವನ್ನು ಉಳಿಸಿಕೊಂಡ ನೆರೆಮನೆಯ ಬಂಟರೋ ಬಿಲ್ಲವರೋ ಯಾರು? ಬಾವಿಗೆ ಹಾಕಿಹೋದ ಪಾತ್ರೆಪಗಡೆ ತಿರುಗಿ ಸಿಕ್ಕಿತೆ? ಹಿಂದೆ ಬಂದಾಗ ಗದ್ದೆಯಲ್ಲಿ ಯಾರಿದ್ದರು, ಅವರು ಬಿಟ್ಟುಕೊಟ್ಟರೆ? ಟಿಪ್ಪುವಿನ ಬಗ್ಗೆ ಇಂದು ನಡೆಯುವ ವಾದಗಳಲ್ಲಿ ನಿಮ್ಮ ಅಜ್ಜನ ಕತೆಯನ್ನು ಅಸ್ತ್ರ ಮಾಡಲು ಬರುವವರಿದ್ದಾರೆ, ಅದು ಸುಳ್ಳು ಎನ್ನಲು ಬರುವವರೂ ಇದ್ದಾರೆ. ಇಬ್ಬರಿಗೂ ಬಗ್ಗದೆ, ಅಜ್ಜ ಹೇಳಿದ ಮಾತಿನ ತೂಕ ಎಷ್ಟೋ ಅಷ್ಟನ್ನೇ ಬರೆಯಿರಿ.

ಒಂದೇ ಊರಿನ ಹಿಂದೂ ಮತ್ತು ಕ್ರೈಸ್ತ ಮನೆತನಗಳು ಮೂಲದಲ್ಲಿ ಒಂದೇ ಇರಬಹುದೇ?

ಇರಬಹುದು, ಎಷ್ಟೋ ಕಡೆ ಇವೆ. ಇದನ್ನು ಬರೆಯಲು ಎರಡೂ ಕಡೆಯವರು ಹಿಂಜರಿಯುತ್ತಾರೆ, ಆದರೆ ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದ ಭಾಗವೇ ಇದು. ಒಬ್ಬ ಅಣ್ಣ ದೇವರನ್ನು ಹೊತ್ತು ಊರು ಬಿಟ್ಟ, ತಮ್ಮ ಗದ್ದೆಯನ್ನು ನೋಡಿಕೊಂಡು ಶಿಲುಬೆ ಒಪ್ಪಿಕೊಂಡ. ನೂರಿನ್ನೂರು ವರ್ಷ ಕಳೆದು ಆ ತಮ್ಮನ ವಂಶದವರೂ ಅದೇ ದಾರಿ ಹಿಡಿದು ಕೆನರಾಕ್ಕೆ ಬಂದರು. ಇಲ್ಲಿ ಇಬ್ಬರೂ ಕೆಳದಿ ಅರಸರ ಪ್ರಜೆಗಳಾಗಿ ಭತ್ತ ಬೆಳೆದರು, ಅಕ್ಕಿ ವ್ಯಾಪಾರ ಮಾಡಿದರು.

ಗೋವೆಯ ಕುಂಕಳ್ಳಿಯನ್ನು ನೋಡಿ. 1583ರ ಜುಲೈನಲ್ಲಿ ಅಲ್ಲಿನ ಜನ ಪೋರ್ಚುಗೀಸರ ವಿರುದ್ಧ ಎದ್ದರು, ಐವರು ಜೆಸುಯಿಟ್ ಪಾದ್ರಿಗಳು ಹತರಾದರು, ಪ್ರತಿಯಾಗಿ ಊರಿನ ಮುಖಂಡರನ್ನು ಕೊಲ್ಲಲಾಯಿತು. ಕುಂಕಳ್ಳಿಕರೀಣ ಶಾಂತಾದುರ್ಗೆ ಫಾತರ್ಪೆಗೆ ಹೋದಳು. ಇಂದಿಗೂ ದೇವಿ ಉತ್ಸವಕ್ಕೆ ಕುಂಕಳ್ಳಿಗೆ ಬರುವಾಗ ಊರಿನ ಹನ್ನೆರಡು ಮನೆತನಗಳ ಹೆಸರಿನಲ್ಲಿ ಹನ್ನೆರಡು ಛತ್ರಿಗಳು ಹೊರಡುತ್ತವೆ, ಆ ಮನೆತನಗಳಲ್ಲಿ ಈಗ ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ.

ಕ್ರೈಸ್ತರಾದವರಿಗೂ ನೆಮ್ಮದಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಇನ್‌ಕ್ವಿಸಿಷನ್ ನೋಡುತ್ತಿದ್ದದ್ದು ಮುಖ್ಯವಾಗಿ ಅವರನ್ನೇ. 1736ರ ಆಜ್ಞೆಯಲ್ಲಿ ಮದುವೆಯ ಕೊಂಕಣಿ ಹಾಡುಗಳಿಗೆ, ಮನೆಯಂಗಳದ ತುಳಸಿಗೆ ಕೂಡ ನಿಷೇಧ ಬಂತು. ಅಂಥ ಹಾಡುಗಳು ಮಂಗಳೂರಿನ ರೋಸ್ ಶಾಸ್ತ್ರದಲ್ಲಿ, ತೆಂಗಿನ ಹಾಲು ಹಚ್ಚಿ ಮದುಮಗಳನ್ನು ಮೀಯಿಸುವಾಗ, ಇಂದಿಗೂ ಕೇಳಿಬರುತ್ತವೆ. ನಿಮ್ಮ ಮನೆಯ ರೋಸ್‌ನಲ್ಲಿ ಯಾರು ಮೊದಲು ಹಚ್ಚುತ್ತಾರೆ, ಯಾವ ಹಾಡು ಯಾವಾಗ ಎಂದು ಕ್ರಮವಾಗಿ ಬರೆದಿಡಿ. ಮೇಲಿನ ಆಜ್ಞೆಯನ್ನು ಓದಿದವರಿಗೆ ಆ ಬರಹ ಒಂದು ದಾಖಲೆಯೇ.

ಅಟ್ಟದ ಮೇಲೆ ಹಳೆಯ ಕಡತ, ಓಲೆಗರಿ ಸಿಕ್ಕಿವೆ. ಏನು ಮಾಡಬೇಕು?

ಮೊದಲು, ಒರೆಸಬೇಡಿ. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬರೆಯುತ್ತಿದ್ದದ್ದು ಬಳಪದಿಂದ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಉಜ್ಜಿದರೆ ಇನ್ನೂರು ವರ್ಷದ ಲೆಕ್ಕ ಸ್ಲೇಟಿನಂತೆ ಅಳಿಸಿಹೋಗುತ್ತದೆ. ಮಡಿಕೆಗಳನ್ನು ಬಲವಂತವಾಗಿ ಬಿಡಿಸದೆ, ತಾನಾಗಿ ತೆರೆದಷ್ಟನ್ನು ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ.

ಓಲೆಗರಿಯ ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ತೆಗೆದು, ಹತ್ತಿಬಟ್ಟೆಯಲ್ಲಿ ಸುತ್ತಿ, ಎರಡು ಮರದ ಹಲಗೆಗಳ ನಡುವೆ ಸಡಿಲವಾಗಿ ಕಟ್ಟಿಡಿ. ಎಣ್ಣೆ ಹಚ್ಚುವ ಕೆಲಸ ಬಲ್ಲವರಿಗೆ ಬಿಡಿ. ಕಾಗದವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ, ಸ್ಟೇಪಲ್ ಪಿನ್ ಇದ್ದರೆ ತೆಗೆಯಿರಿ. ಕರಾವಳಿಯ ಆಟಿ ತಿಂಗಳ (ಮಳೆಗಾಲದ ತಿಂಗಳು) ತೇವ ಗೆದ್ದಲಿಗಿಂತ ದೊಡ್ಡ ಶತ್ರು: ಕಬ್ಬಿಣದ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿಡಿ. ಮಳೆಗಾಲ ಮುಗಿದ ಮೇಲೆ ನೆರಳಲ್ಲಿ ಗಾಳಿಯಾಡಿಸಿ, ಬಿಸಿಲಿಗೆ ಬೇಡ.

ಅಕ್ಷರ ಗೊತ್ತಾಗದಿದ್ದರೆ ಗಾಬರಿಯಾಗಬೇಡಿ. ಲೆಕ್ಕಪತ್ರ ಮೋಡಿ ಲಿಪಿಯಲ್ಲೋ ಗೋಯ್ಕಾನಡಿ ಲಿಪಿಯಲ್ಲೋ, ಮಂತ್ರಸ್ತೋತ್ರ ತಿಗಳಾರಿ ಲಿಪಿಯಲ್ಲೋ ಇರಬಹುದು. ಫೋಟೋ ಚೆನ್ನಾಗಿದ್ದರೆ ಓದುವವರನ್ನು ಮುಂದೆ ಹುಡುಕಬಹುದು.

ಜಮೀನಿನ ಹಳೆಯ ದಾಖಲೆ ಎಲ್ಲಿ ಸಿಗುತ್ತದೆ?

ಮನೆಯಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಚೀಟಿ, ಅಡಮಾನ ಪತ್ರ, ಪಾಲುಪಟ್ಟಿ ಇದ್ದರೆ ಅದೇ ಮೊದಲು. ಪಾಲುಪಟ್ಟಿಯಲ್ಲಿ ಒಂದು ತಲೆಮಾರಿನ ಅಣ್ಣತಮ್ಮಂದಿರ ಹೆಸರೆಲ್ಲ ಒಟ್ಟಿಗೆ ಸಿಗುತ್ತದೆ. ನಂತರ ತಾಲೂಕು ಕಚೇರಿ, ಸಬ್‌ರಿಜಿಸ್ಟ್ರಾರ್ ಕಚೇರಿ. ಅದಕ್ಕಿಂತ ಹಿಂದಕ್ಕೆ ಹೋಗುವವರು ಒಂದು ವಿಷಯ ನೆನಪಿಡಿ: 1799ರ ನಂತರ ಕೆನರಾ ಮದ್ರಾಸ್ ಆಡಳಿತದಲ್ಲಿತ್ತು, 1862ರಲ್ಲಿ ಉತ್ತರ ಭಾಗ ಬೊಂಬಾಯಿಗೆ ಹೋಯಿತು, ದಕ್ಷಿಣ ಭಾಗ 1956ರವರೆಗೂ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಉಡುಪಿ, ಮಂಗಳೂರು ಕಡೆಯವರು ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲಿ, ಕುಮಟಾ, ಅಂಕೋಲೆ ಕಡೆಯವರು ಮುಂಬಯಿಯ ಪತ್ರಾಗಾರದಲ್ಲೂ ಹುಡುಕಬೇಕು.

ಕಾಶಿ, ನಾಸಿಕ, ಹರಿದ್ವಾರದ ಪುರೋಹಿತರ ಹತ್ತಿರ ಹೆಸರು ಇರುತ್ತದಂತೆ, ನಿಜವೇ?

ನಿಜ. ನಿಮ್ಮ ಅಜ್ಜ ಯಾತ್ರೆಗೆ ಹೋಗಿದ್ದರೆ ತೀರ್ಥ ಪುರೋಹಿತರ ಉದ್ದನೆಯ ಪುಸ್ತಕದಲ್ಲಿ ಹೆಸರು, ಊರು, ಮಕ್ಕಳ ವಿವರ, ಸಹಿ ಇರಬಹುದು. ಪುರೋಹಿತರು ಪ್ರದೇಶ, ಜಾತಿವಾರು ಹಂಚಿಕೊಂಡಿರುತ್ತಾರೆ, ಸರಿಯಾದವರು ಸಿಗುವವರೆಗೆ ವಿಚಾರಿಸಬೇಕು. ಹರಿದ್ವಾರದಂಥ ಕಡೆಯ ಪುಸ್ತಕಗಳ ಚಿತ್ರ ಫ್ಯಾಮಿಲಿಸರ್ಚ್ ಎಂಬ ಉಚಿತ ಜಾಲತಾಣದಲ್ಲಿವೆ. ಹೋದಾಗ ನಿಮ್ಮ ತಲೆಮಾರಿನ ಹೆಸರನ್ನೂ ಬರೆಸಿ ಬನ್ನಿ, ಹೆಣ್ಣುಮಕ್ಕಳ ಹೆಸರು ಸಮೇತ.

ನಮ್ಮದು ಬಾಸೆಲ್ ಮಿಷನ್ ಕುಟುಂಬ. ನಮಗೆ ಬೇರೆ ದಾರಿ ಇದೆಯೇ?

ಇದೆ, ಮತ್ತು ನಿಮ್ಮದು ಎಲ್ಲರಿಗಿಂತ ಹಸನಾದ ದಾರಿ. 1834ರಲ್ಲಿ ಮಂಗಳೂರಿಗೆ ಬಂದ ಈ ಪ್ರಾಟೆಸ್ಟಂಟ್ ಮಿಷನರಿಗಳು ವರ್ಷವರ್ಷವೂ ವರದಿ ಬರೆದು ಸ್ವಿಟ್ಜರ್ಲೆಂಡಿಗೆ ಕಳಿಸುತ್ತಿದ್ದರು. ಆ ಕಾಗದಗಳೂ ಸಾವಿರಾರು ಹಳೆಯ ಫೋಟೋಗಳೂ ಬಾಸೆಲ್‌ನಲ್ಲಿ ಮಿಷನ್ 21 ಎಂಬ ಸಂಸ್ಥೆಯ ಪತ್ರಾಗಾರದಲ್ಲಿವೆ. ಫೋಟೋಗಳನ್ನು ಮನೆಯಲ್ಲೇ ಕುಳಿತು ಜಾಲದಲ್ಲಿ ನೋಡಬಹುದು: ಹಂಚಿನ ಕಾರ್ಖಾನೆ, ನೇಯ್ಗೆ ಶಾಲೆ, ಬೆಟಗೇರಿ, ಧಾರವಾಡ, ಮೂಲ್ಕಿ. ಮಂಗಳೂರು ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲೂ ಹಳೆಯ ಸಂಗ್ರಹವಿದೆ.

ವರದಿಗಳನ್ನು ಓದುವಾಗ ಎಚ್ಚರ ಬೇಕು, ಅವು ಒಂದು ಪಕ್ಷದ ಬರಹ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಮಂಗಳೂರಿನಲ್ಲಿ ಕ್ರೈಸ್ತನಾದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಹೆರ್ಮನ್ ಕೌಂಡಿನ್ಯ ಎಂಬ ಹೆಸರಿನಿಂದ ಬಾಸೆಲ್‌ನಲ್ಲಿ ಓದಿ 1851ರಲ್ಲಿ ಅವರು ಬೋಧಕರ ದೀಕ್ಷೆ ಪಡೆದರು. ಮಿಷನ್ನಿನ ಕಾಗದದಲ್ಲಿ ಅದು ಸಂಭ್ರಮದ ಸುದ್ದಿ. ಅವರು ಬಿಟ್ಟುಬಂದ ಮನೆಯ ಹಿರಿಯರು ಆ ದಿನ ಏನು ಅನುಭವಿಸಿದರು ಎಂಬುದನ್ನು ಅದರಲ್ಲಿ ಹುಡುಕಲಾಗದು. ನಿಮ್ಮ ಮನೆಯಲ್ಲೂ ಇಂಥ ತಿರುವಿದ್ದರೆ, ಆಚೆ ಉಳಿದ ಬಂಧುಗಳ ಮನೆಗೂ ಹೋಗಿ ಅವರು ಏನು ಹೇಳುತ್ತಾರೆ ಕೇಳಿ.

ಅಜ್ಜ ಮುಂಬಯಿಗೆ, ಅಪ್ಪ ಗಲ್ಫಿಗೆ ಹೋದವರು. ಅದೂ ವಲಸೆಯ ಚರಿತ್ರೆಯೇ?

ಸಂದೇಹವೇ ಬೇಡ. ಗೋವೆಯ ಕತೆಗೆ ಐನೂರು ಪುಟ ಕೊಟ್ಟು ಅಪ್ಪನ ಕುವೈತ್‌ಗೆ ಅರ್ಧ ಪುಟ ಕೊಡುವ ಪುಸ್ತಕಗಳನ್ನು ನೋಡಿದಾಗ ನೋವಾಗುತ್ತದೆ. ಮುಂಬಯಿ ಗಾಮದೇವಿಯ ಸಾರಸ್ವತ ಸಹಕಾರಿ ವಸತಿ ಸಂಘ ಹುಟ್ಟಿದ್ದು 1915ರಲ್ಲಿ, ಊರು ಬಿಟ್ಟು ಬಂದ ಗುಮಾಸ್ತರ ಒಗ್ಗಟ್ಟಿನಿಂದ. ಗಲ್ಫಿಗೆ ಹೋದ ಮೊದಲಿಗರು ಮುಂಬಯಿಯಿಂದ ದ್ವಾರಕಾ, ದುಮ್ರಾ ಎಂಬ ಹಡಗುಗಳಲ್ಲಿ ದಿನಗಟ್ಟಲೆ ಡೆಕ್ಕಿನ ಮೇಲೆ ಮಲಗಿ ಹೋದವರು. ಹಡಗಿನ ಹೆಸರು ಕೇಳಿ, ಜತೆಗಿದ್ದವರು ಯಾರು, ಕೈಯಲ್ಲಿ ಎಷ್ಟು ದುಡ್ಡಿತ್ತು ಕೇಳಿ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಮರುಭೂಮಿ ದಾಟಿ ಅಮ್ಮಾನ್‌ನಿಂದ ವಿಮಾನ ಹತ್ತಿ ಬಂದವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ. ಅವರ ಹಳೆಯ ಪಾಸ್‌ಪೋರ್ಟಿನ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿ.

ಆ ಊರಲ್ಲಿ ಅವರು ದೇವರನ್ನು ಹೇಗೆ ನೆನೆದರು ಎಂದೂ ಕೇಳಿ. ಆರು ಜನ ಮಲಗುವ ಕೋಣೆಯಲ್ಲಿ ಕಪಾಟಿನ ಒಳಬಾಗಿಲಿಗೆ ಅಂಟಿಸಿದ ದೇವರ ಪಟ, ಶುಕ್ರವಾರದ ರಜೆಯಲ್ಲಿ ನಡೆದ ಪೂಜೆ (ಕ್ಯಾಥೊಲಿಕರಿಗೆ ಬಲಿಪೂಜೆ, ಹಿಂದೂಗಳಿಗೆ ಭಜನೆ) ಇವೆಲ್ಲ ಯಾವ ಪತ್ರಾಗಾರದಲ್ಲೂ ಸಿಗದು. ಶ್ರಾವಣದಲ್ಲಿ ಚೂಡಿ ಪೂಜೆ ಮಾಡಿದ ಹೆಂಗಸರು ಗರಿಕೆ, ಹೂವುಗಳ ಚೂಡಿಯನ್ನು ಲಕೋಟೆಯಲ್ಲಿಟ್ಟು ದೂರದ ಹಿರಿಯರಿಗೆ ಅಂಚೆಯಲ್ಲಿ ಕಳಿಸುವ ಪದ್ಧತಿ ಇದೆಯಲ್ಲ, ಆ ಲಕೋಟೆಗಳನ್ನು ಯಾರಾದರೂ ಇಟ್ಟಿದ್ದಾರೆಯೇ ನೋಡಿ. ದಾದರ್, ಬಹರೇನ್, ಟೊರಾಂಟೊ ಎಂದು ವಿಳಾಸ ಬದಲಾದಂತೆ ಒಂದು ಮನೆಯ ಓಡಾಟವೆಲ್ಲ ಅಲ್ಲಿ ಅಂಚೆ ಮುದ್ರೆಯ ಸಮೇತ ಸಿಗುತ್ತದೆ.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ. ಹುಡುಕಲು ಸಾಧ್ಯವೇ?

ಕಷ್ಟ, ಆದರೆ ಬಿಡಬೇಡಿ. ಸಾರಸ್ವತರಲ್ಲಿ ಮದುವೆಯಾದಾಗ ಹೆಣ್ಣಿಗೆ ಹೊಸ ಹೆಸರಿಡುವ ರೂಢಿ ಇದ್ದುದರಿಂದ ಒಬ್ಬಳೇ ಹೆಂಗಸು ಎರಡು ಮನೆಗಳ ನೆನಪಿನಲ್ಲಿ ಎರಡು ಹೆಸರಿನಿಂದ ಇರುತ್ತಾಳೆ. ತವರಿನಲ್ಲಿ ಸುಮತಿ, ಗಂಡನ ಮನೆಯಲ್ಲಿ ರಮಾಬಾಯಿ. ಎರಡನ್ನೂ ಬರೆಯಿರಿ, ತವರಿನ ಹೆಸರು ಮೊದಲು. ಶ್ರಾದ್ಧದ ಸಂಕಲ್ಪದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳುವುದರಿಂದ ಮನೆಯ ಭಟ್ಟರ ಪುಸ್ತಕದಲ್ಲಿ ಮೂರು ತಲೆಮಾರಿನ ಹೆಂಗಸರು ಸಿಗುತ್ತಾರೆ. ಕ್ಯಾಥೊಲಿಕರಿಗೆ ಮದುವೆಯ ನಮೂದು ಮತ್ತು ಸಮಾಧಿಕಲ್ಲು. ಚಿಕ್ಕ ವಯಸ್ಸಿನಲ್ಲೇ ವಿಧವೆಯರಾಗಿ ಮನೆಯ ಮೂಲೆಯಲ್ಲಿ ಉಳಿದವರು, ಬಾಣಂತನದಲ್ಲಿ ತೀರಿಕೊಂಡವರು, ಮಕ್ಕಳಿಲ್ಲದವರು, ಇವರನ್ನೆಲ್ಲ ಹೆಸರು ಹಿಡಿದು ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಮುಜುಗರದ ಸಂಗತಿ ಬಂದರೆ?

ಜಾತಿ ಬಿಟ್ಟು ಮದುವೆಯಾದವರು, ಮತ ಬದಲಿಸಿದವರು, ಬಹಿಷ್ಕಾರಕ್ಕೆ ಒಳಗಾದವರು ಎಲ್ಲ ಮನೆಯಲ್ಲೂ ಇದ್ದಾರೆ. ತೀರಿಕೊಂಡವರ ಸಂಗತಿಯನ್ನು ಸಮತೂಕದಿಂದ ಬರೆಯಿರಿ. ಬದುಕಿರುವವರದ್ದನ್ನು ಅವರ ಒಪ್ಪಿಗೆ ಇಲ್ಲದೆ ಅಚ್ಚು ಹಾಕಬೇಡಿ, ಹುಟ್ಟಿದ ದಿನಾಂಕ, ವಿಳಾಸವನ್ನು ಜಾಲಕ್ಕೆ ಏರಿಸಬೇಡಿ. "ಇದನ್ನು ನಾನು ಹೋದ ಮೇಲೆ ಬರೆ" ಎಂದು ಹಿರಿಯರು ಹೇಳಿದರೆ ಆ ಮಾತಿಗೆ ತಪ್ಪಬೇಡಿ. ಕ್ರೈಸ್ತರಾದ ಮೇಲೂ ನಮ್ಮವರು ಮೇಲು ಜಾತಿ ಎಂಬ ಜಂಬ ಎಷ್ಟೋ ಮನೆಗಳ ಬರಹದಲ್ಲಿ ನುಸುಳುತ್ತದೆ. ಜಾತಿ ಇತ್ತು ಎಂದು ಬರೆಯಿರಿ, ಅದನ್ನು ಹೊಗಳಿ ಬರೆಯಬೇಡಿ. ಗದ್ದೆಯಲ್ಲಿ ದುಡಿದ ಒಕ್ಕಲುಗಳ, ತಲೆಮಾರುಗಳಿಂದ ಜಮೀನಿಗೆ ಕಟ್ಟುಬಿದ್ದಿದ್ದ ಮೂಲದ ಆಳುಗಳ ಹೆಸರು ಗೊತ್ತಿದ್ದರೆ ಸೇರಿಸಿ.

ಡಿಎನ್‌ಎ ಪರೀಕ್ಷೆ ಮಾಡಿಸಲೇ?

ಅಮೆರಿಕದಲ್ಲಿರುವ ದೂರದ ದಾಯಾದಿಗಳು ಸಿಗಬಹುದು. ಊರು, ಗೋತ್ರ, ಕುಲದೇವರು ಅದರಿಂದ ತಿಳಿಯುವುದಿಲ್ಲ.

ಮಕ್ಕಳು ಹೊರದೇಶದಲ್ಲಿ ಬೆಳೆದವರು, ಕನ್ನಡ ಓದುವುದಿಲ್ಲ. ಯಾವ ಭಾಷೆಯಲ್ಲಿ ಬರೆಯಲಿ, ಬರೆದದ್ದನ್ನು ಎಲ್ಲಿಡಲಿ?

ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಬರೆಯಿರಿ. ಮಕ್ಕಳಿಗಾಗಿ ಹತ್ತು ಪುಟದ ಇಂಗ್ಲಿಷ್ ಸಾರಾಂಶವನ್ನು ಅವರಿಂದಲೇ ಬರೆಸಿ, ಆ ನೆಪದಲ್ಲಿ ಅವರು ಪ್ರಶ್ನೆ ಕೇಳುತ್ತಾರೆ. ಹೆಸರುಗಳನ್ನು ಮಾತ್ರ ಕನ್ನಡ, ರೋಮನ್ ಎರಡೂ ಲಿಪಿಯಲ್ಲಿ ಕೊಡಿ. ಹಿರಿಯರ ದನಿಯನ್ನು ಭಾಷಾಂತರದ ಕೆಳಗೆ ಹೂಳಬೇಡಿ, ಕೊಂಕಣಿಯ ಮಾತನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದು ಪಕ್ಕದಲ್ಲಿ ಅರ್ಥ ಕೊಡಿ.

ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಫೈಲಿನ ಹೆಸರಿನಲ್ಲೇ ಇಸವಿ, ಊರು, ವ್ಯಕ್ತಿಯ ಹೆಸರು ಇರಲಿ. ಮೂರು ಪ್ರತಿ: ಒಂದು ಮನೆಯಲ್ಲಿ, ಒಂದು ಬೇರೆ ಊರಿನ ಬಂಧುವಿನ ಹತ್ತಿರ, ಒಂದು ಕ್ಲೌಡ್‌ನಲ್ಲಿ. ವಾಟ್ಸಾಪ್ ಗುಂಪಿನಲ್ಲಿ ಹಂಚಿದ್ದನ್ನು ಪ್ರತಿ ಎಂದು ಲೆಕ್ಕ ಹಿಡಿಯಬೇಡಿ, ಚಿತ್ರದ ಗುಣಮಟ್ಟ ಅಲ್ಲಿ ಇಳಿದುಹೋಗುತ್ತದೆ. ಅಚ್ಚು ಹಾಕಿಸಿದರೆ ಆಮ್ಲರಹಿತ ಕಾಗದದಲ್ಲಿ ನಾಲ್ಕೈದು ಪ್ರತಿಯಾದರೂ ಮಾಡಿಸಿ, ಮನೆಯ ಹೊರಗೂ ಕೊಡಿ: ಮಂಗಳೂರು ಶಕ್ತಿನಗರದ ವಿಶ್ವ ಕೊಂಕಣಿ ಕೇಂದ್ರಕ್ಕೆ, ನಿಮ್ಮ ಇಗರ್ಜಿಗೆ ಅಥವಾ ಮಠಕ್ಕೆ, ಊರಿನ ಗ್ರಂಥಾಲಯಕ್ಕೆ. ಕೊಡುವ ಪ್ರತಿಯ ಕೊನೆಗೆ ಹತ್ತು ಖಾಲಿ ಹಾಳೆ ಸೇರಿಸಿ ಹೊಲಿಸಿ. ಓದಿದ ಯಾರಾದರೂ ಬಂಧು "ಇಲ್ಲ, ನಮ್ಮಜ್ಜ ಹೇಳಿದ್ದು ಬೇರೆ" ಅನ್ನುತ್ತಾರೆ, ಅವರ ಹೆಸರು, ದಿನಾಂಕದೊಂದಿಗೆ ಅದನ್ನೂ ಅಲ್ಲೇ ಬರೆಸಿಕೊಳ್ಳಿ.